ಕುದುರೆಯ ಬೆನ್ನೂ ಕೌಬಾಯಿಯ ಜೀನೂ

ಎತ್ತಿನ ಹೆಗಲಹುಣ್ಣು ಎಂದರೆ ಏನೆಂಬುದನ್ನು ನಮ್ಮ ಸೀಮೆಯ ರೈತನಿಗೆ ಯಾರೂ ತಿಳಿಸಿಕೊಡಬೇಕಾಗಿಲ್ಲ. ನೊಗ ಒರಟಾಗಿದ್ದರೆ, ಅಥವಾ ಜೋಡೆತ್ತುಗಳ ಎತ್ತರದಲ್ಲಿ ಹೆಚ್ಚುಕಡಿಮೆ ಇದ್ದರೆ, ನಾಲ್ಕು ದಿನದ ಗಳೇವಿನಲ್ಲಿಯೇ ಹೆಗಲು ಬಾತು, ತೊಗಲು ಸುಲಿದು, ಎತ್ತು ನೊಗವನ್ನು ಕಂಡೊಡನೆ ಹಿಂದೆ ಸರಿಯತೊಡಗುತ್ತದೆ. ಬುದ್ಧಿವಂತನಾದ ಒಕ್ಕಲುಮಗನು ಆಗ ಬಾರುಕೋಲನ್ನು ಎತ್ತುವುದಿಲ್ಲ. ನೊಗವನ್ನು ತಿರುವಿ ನೋಡುತ್ತಾನೆ. ಇಷ್ಟು ತಿಳಿದವನಿಗೆ ಕುದುರೆಯ ಜೀನಿನ ವಿಷಯದಲ್ಲಿ ಅರ್ಧ ಪಾಠ ಆದಂತೆಯೇ. ಉಳಿದ ಅರ್ಧವನ್ನು ನಾನು ಕಲಿತದ್ದು ಅಕ್ಕಲಕೋಟ ತಾಲೂಕಿನ ನನ್ನ ಹಳ್ಳಿಯಲ್ಲಿ ಅಲ್ಲ, ಅಮೆರಿಕದ ಟೆಕ್ಸಾಸಿನಲ್ಲಿ, ಹನ್ನೊಂದು ವರ್ಷದ ಒಬ್ಬ ಹುಡುಗಿಯ ಪಕ್ಕದಲ್ಲಿ ನಿಂತುಕೊಂಡು.

೨೦೨೩ರ ಬೇಸಿಗೆಯ ರಜೆಯಲ್ಲಿ ನನ್ನ ಅಕ್ಕನನ್ನು ಅವಳ ಮಗನ ಮನೆಗೆ ತಲುಪಿಸಲು ಹೋಗಿದ್ದೆ. ಅಳಿಯನು ಫೋರ್ಟ್ ವರ್ತ್ ನಗರದ ಹೊರವಲಯದಲ್ಲಿ ಇರುತ್ತಾನೆ. ಆ ಊರು ದನದ ಪೇಟೆಯಿಂದಲೇ ಬೆಳೆದದ್ದು. ಇಂದಿಗೂ ಹಳೆಯ ಪೇಟೆಯ ಬೀದಿಯಲ್ಲಿ ಉದ್ದಕೊಂಬಿನ ದನಗಳನ್ನು ದಿನಕ್ಕೆ ಎರಡು ಸಲ ನೋಟಕರಿಗಾಗಿ ನಡೆಸುತ್ತಾರೆ. ಅಂಥ ನೆಲದಲ್ಲಿ ಬೆಳೆಯುವ ಮಗು ಕುದುರೆಯನ್ನು ಬೇಡುವುದು ಸಹಜವಷ್ಟೆ. ಅಳಿಯನು ಮಗಳಿಗಾಗಿ ಕ್ವಾರ್ಟರ್ ಹಾರ್ಸ್ ಎಂಬ ತಳಿಯ ಒಂದು ಹೆಣ್ಣುಕುದುರೆಯನ್ನು ಕೊಂಡು, ಹತ್ತಿರದ ಲಾಯದಲ್ಲಿ ಬಾಡಿಗೆ ಕೊಟ್ಟು ಇರಿಸಿದ್ದನು. ಕಾಲು ಮೈಲಿಯ ಓಟದಲ್ಲಿ ಇವನ್ನು ಮೀರಿಸುವವರಿಲ್ಲವೆಂದು ತಳಿಗೆ ಆ ಹೆಸರು. ಕುದುರೆಯ ಹೆಸರು ‘ಹನಿ’. ಅವರ ಭಾಷೆಯಲ್ಲಿ ಅದು ಜೇನು, ನಮ್ಮದರಲ್ಲಿ ಮಳೆಯ ಹನಿ. ಜೇನಿಗೆ ಜೀನು ಹಾಕುವ ಈ ಸಂಸಾರದಲ್ಲಿ ಕನ್ನಡದ ಕಾಗುಣಿತ ಪಾಠಕ್ಕೆ ಒಳ್ಳೆಯ ಅವಕಾಶವಿದೆಯೆಂದು ನಾನು ನಗೆಯಾಡಿದೆನು. ಆದರೆ ಮನೆಯಲ್ಲಿ ಯಾರಿಗೂ ನಗುವ ಮನಸ್ಸು ಇರಲಿಲ್ಲ.

“ಅಜ್ಜಾ, ಹನಿ ನನ್ನ ಮ್ಯಾಲ ಸಿಟ್ಟಾಗ್ಯಾಳ,” ಎಂದಳು ಹುಡುಗಿ. ಎರಡು ತಿಂಗಳಿಂದ ಕುದುರೆ ಜೀನನ್ನು ಕಂಡರೆ ಕಿವಿಗಳನ್ನು ಹಿಂದಕ್ಕೆ ಒತ್ತಿಕೊಳ್ಳುತ್ತಿತ್ತು. ಹೊಟ್ಟೆಯ ಪಟ್ಟಿಯನ್ನು ಬಿಗಿಯಹೋದರೆ ಕತ್ತು ತಿರುಗಿಸಿ ಕಚ್ಚಲು ಬರುತ್ತಿತ್ತು. ಒಮ್ಮೆ ಹಿಂಗಾಲೆತ್ತಿ ಕುಣಿದು ಹುಡುಗಿಯನ್ನು ಕೆಡವಿತ್ತು. ಸವಾರಿ ಕಲಿಸುವಾತನು, ಇದು ಹಟಮಾರಿ ಕುದುರೆ, ಮಕ್ಕಳಿಗೆ ತಕ್ಕುದಲ್ಲ, ಬಂದ ಬೆಲೆಗೆ ಮಾರಿಬಿಡಿರಿ ಎಂದು ತೀರ್ಪು ಕೊಟ್ಟಿದ್ದನು. ಅಳಿಯನೂ ಒಪ್ಪಿದ್ದನು. ಅಂಥ ಕುದುರೆಯನ್ನು ಕೊಳ್ಳುವವರು ಯಾರು, ಕೊಂಡು ಏನು ಮಾಡುವರು ಎಂಬುದನ್ನು ಮಗುವಿಗೆ ಯಾರೂ ಹೇಳಿರಲಿಲ್ಲ. ಆದರೂ ಅವಳು ಅದನ್ನು ಅರಿತಂತಿತ್ತು.

ಹಟಮಾರಿ ಎಂಬ ಮಾತು ನನ್ನನ್ನು ಕುಟುಕಿತು. ಮೂವತ್ತು ವರ್ಷಗಳ ಹಿಂದೆ, ಹೊಸದಾಗಿ ಮಾಸ್ತರನಾದಾಗ, ಫಲಕದ ಮೇಲಿನ ಲೆಕ್ಕವನ್ನು ಬರೆದುಕೊಳ್ಳಲೊಲ್ಲದ ಒಬ್ಬ ಹುಡುಗನಿಗೆ ನಾನೂ ಅದೇ ಹೆಸರಿಟ್ಟು ವಾರಗಟ್ಟಲೆ ಬಾಗಿಲ ಬಳಿ ನಿಲ್ಲಿಸಿದ್ದೆನು. ಅವನಿಗೆ ದೂರದೃಷ್ಟಿಯ ದೋಷವಿತ್ತು.

ಪಕ್ಕದ ಜಮೀನಿನ ಮುದುಕರೊಬ್ಬರು ಜೀವಮಾನವೆಲ್ಲ ದನ ಕಾಯ್ದವರು. ಒಂದು ಮುಂಜಾನೆ ಅವರು ಬಂದು, ಕುದುರೆಯ ಮೇಲಿನ ಜೀನನ್ನು ಇಳಿಸಿ, ಮಾತಾಡದೆ ತಮ್ಮ ಅಂಗೈಯನ್ನು ಅದರ ಬೆನ್ನ ಮೇಲೆ ಸಾವಕಾಶವಾಗಿ ಎಳೆದರು. ಕತ್ತು ಮುಗಿದು ಬೆನ್ನು ತೊಡಗುವಲ್ಲಿ ಕುದುರೆಗೆ ಒಂದು ದಿಣ್ಣೆ ಇರುತ್ತದೆ. ಅದರ ಎರಡೂ ಮಗ್ಗುಲಿಗೆ ಬೆರಳುಗಳು ಬಂದಾಗ ಇಡಿಯ ಬೆನ್ನು ಚಿಟ್ಟನೆ ಕುಸಿಯಿತು. ನನ್ನ ಕೈ ಹಿಡಿದು ಅಲ್ಲಿ ಇರಿಸಿದರು. ನಿಂಬೆಯ ಹೋಳಿನಷ್ಟು ದಪ್ಪವಾಗಿ, ಬೆಚ್ಚಗೆ, ಎರಡು ಬಾವುಗಳು. ರೋಮದಡಿಯಲ್ಲಿದ್ದುದರಿಂದ ಕಣ್ಣಿಗೆ ಕಾಣದಂತಿದ್ದವು. “ಕುದುರೆಯದೇನೂ ತಪ್ಪಿಲ್ಲ. ಈ ಜೀನು ಬೇರೆಯ ಕುದುರೆಯದು,” ಎಂದು ಹೇಳಿ ಹೊರಟುಹೋದರು. ಮರುದಿನ ಬಂದ ಪಶುವೈದ್ಯರೂ ಅದನ್ನೇ ಹೇಳಿ, ನಾಲ್ಕು ವಾರ ಬೆನ್ನ ಮೇಲೆ ಏನನ್ನೂ ಹಾಕಬಾರದೆಂದು ಕಟ್ಟಪ್ಪಣೆ ಮಾಡಿದರು.

ಆ ಜೀನು ನೋಡಲು ಬಲು ಚೆಲುವಾಗಿತ್ತು. ತೊಗಲಿನ ಮೇಲೆ ಹೂಬಳ್ಳಿಗಳ ಕೆತ್ತನೆ, ಬೆಳ್ಳಿಯ ಬಣ್ಣದ ಗುಂಡಿಗಳು. ಅಳಿಯನು ಹಳೆಯ ಸಾಮಾನಿನ ಒಂದು ಅಂಗಡಿಯಲ್ಲಿ ಅದರ ಚೆಲುವಿಗೆ ಮರುಳಾಗಿ ಕೊಂಡಿದ್ದನು. ಕುದುರೆಯ ಬೆನ್ನಿನ ಅಳತೆಯನ್ನು ಅಂಗಡಿಯವನೂ ಕೇಳಲಿಲ್ಲ, ಇವನೂ ಹೇಳಲಿಲ್ಲ. ಆ ನಾಲ್ಕು ವಾರ ನನಗೂ ಹುಡುಗಿಗೂ ಜೀನಿನ ಶಾಲೆಯೇ ಆಯಿತು.

ಜೀನೆಂಬ ಮಾತು ಪಾರಸಿಯಿಂದ ಬಂದುದು. ಹಳಗನ್ನಡದಲ್ಲಿ ಅದಕ್ಕೆ ಹಲ್ಲಣವೆಂದು ಹೆಸರು. ಕಾಲಿಡುವ ರಿಕಾಪಿಗೆ ಅಂಕವಣೆ ಎಂದು ಹೆಸರು. ನಮ್ಮ ಭಾಗದ ಜೀನಗಾರರ ಕುಲನಾಮವೇ ಅವರ ಮೂಲ ಕಸುಬನ್ನು ಸಾರುತ್ತದೆ. ನನ್ನ ಅಜ್ಜನಿಗೂ ಒಂದು ತಟ್ಟು ಇದ್ದಿತು. ಅದರ ಮೇಲೆ ಅರಿವೆ ತುಂಬಿದ ಮೆತ್ತನೆಯ ಗಾದಿಯಂಥ ಜೀನು. ಅಮೆರಿಕದ ಪಶ್ಚಿಮ ಸೀಮೆಯ ಜೀನು ಅಂಥದಲ್ಲ. ಅದು ಒಂದು ಕೆಲಸದ ಸಲಕರಣೆ, ನಮ್ಮ ನೇಗಿಲು ಕುಂಟೆಗಳಂತೆ.

ಅದರ ವಂಶ ಸ್ಪೇನಿನದು. ೧೫೧೯ರಲ್ಲಿ ಕೊರ್ತೆಸ್ ಎಂಬ ದಂಡನಾಯಕನು ಹದಿನಾರು ಕುದುರೆಗಳೊಡನೆ ಮೆಕ್ಸಿಕೋದ ದಂಡೆಯಲ್ಲಿ ಇಳಿದಾಗ ಅವುಗಳ ಬೆನ್ನ ಮೇಲೆ ಇದ್ದುದು ಯುದ್ಧದ ಜೀನುಗಳು. ಮುಂದೆ ಅಲ್ಲಿ ದನಗಳ ಮಂದೆಗಳು ಬೆಳೆದಂತೆ, ವಕೇರೊ ಎಂಬ ದನಗಾಹಿ ಸವಾರರು ಯುದ್ಧದ ಜೀನನ್ನು ತಮ್ಮ ಕೆಲಸಕ್ಕೆ ತಿದ್ದಿಕೊಂಡರು. ಹಗ್ಗದ ಕುಣಿಕೆಯೆಸೆದು ದನವನ್ನು ಹಿಡಿದ ಮೇಲೆ ಹಗ್ಗದ ಇನ್ನೊಂದು ತುದಿಯನ್ನು ಎಲ್ಲಿ ಕಟ್ಟಬೇಕು? ಜೀನಿನ ಮುಂಭಾಗದಲ್ಲಿ ಒಂದು ಕೊಂಬು ಮೂಡಿದುದು ಈ ಪ್ರಶ್ನೆಗೆ ಉತ್ತರವಾಗಿ. ಹೊಸಬರು ಅದನ್ನು ಹಿಡಿದುಕೊಳ್ಳುವ ಹಿಡಿಕೆಯೆಂದು ಭಾವಿಸುತ್ತಾರೆ, ನಾನೂ ಭಾವಿಸಿದ್ದೆ. ಅದು ದನವನ್ನು ಕಟ್ಟುವ ಗೂಟ.

ಮೆಕ್ಸಿಕೋದಿಂದ ಈ ಜೀನು ಟೆಕ್ಸಾಸಿಗೂ ಕ್ಯಾಲಿಫೋರ್ನಿಯಕ್ಕೂ ಹಬ್ಬಿತು. ಅಮೆರಿಕದ ಅಂತರ್ಯುದ್ಧ ೧೮೬೫ರಲ್ಲಿ ಮುಗಿಯಿತು. ೧೮೬೭ರಿಂದ ಟೆಕ್ಸಾಸಿನ ದನಗಳನ್ನು ಕ್ಯಾನ್ಸಾಸಿನ ಎಬಿಲೀನ್ ಎಂಬ ರೈಲು ನಿಲ್ದಾಣದವರೆಗೆ ತಿಂಗಳುಗಟ್ಟಲೆ ಹೊಡೆದುಕೊಂಡು ಹೋಗತೊಡಗಿದರು. ಆ ದಾರಿಯ ಸವಾರನಿಗೆ ಜೀನೇ ಕುರ್ಚಿ, ಜೀನೇ ತಲೆದಿಂಬು. ಸಂಬಳ ತಿಂಗಳಿಗೆ ಮೂವತ್ತು ನಲವತ್ತು ಡಾಲರು. ಹತ್ತು ಡಾಲರಿನ ಕುದುರೆಗೆ ನಲವತ್ತು ಡಾಲರಿನ ಜೀನು ಎಂಬ ಮಾತು ಅವರಲ್ಲಿ ಹುಟ್ಟಿತು. ಜೀನು ಮಾರಿಕೊಂಡನು ಎಂದರೆ ದಿವಾಳಿಯೆದ್ದನು ಎಂದೇ ಅರ್ಥ. ಚಲಚ್ಚಿತ್ರಗಳಲ್ಲಿ ಕೌಬಾಯಿಯೆಂದರೆ ಬಿಳಿಯ ವೀರನೊಬ್ಬನೇ. ನಿಜದಲ್ಲಿ ಆ ದನಗಾಹಿಗಳಲ್ಲಿ ಮೆಕ್ಸಿಕೋದವರೂ ಕಪ್ಪು ಜನಾಂಗದವರೂ ಅನೇಕರಿದ್ದರು.

ಅವರ ಮಾತಿನಲ್ಲಿಯೂ ಈ ಬೆರಕೆಯ ಗುರುತು ಉಳಿದಿದೆ. ಹೊಟ್ಟೆಯ ಪಟ್ಟಿಗೆ ಅವರು ಸಿಂಚ್ ಎನ್ನುವುದು ಸ್ಪೇನಿನ ಸಿಂಚಾ ಎಂಬುದರಿಂದ. ಬಿಗಿಯುವ ಬಾರು ಲ್ಯಾಟಿಗೊ, ಹಗ್ಗ ಲ್ಯಾರಿಯಟ್, ಎಲ್ಲವೂ ಅತ್ತಣವೇ. ಹಗ್ಗವನ್ನು ಕೊಂಬಿಗೆ ಸುತ್ತುವುದಕ್ಕೆ ಡ್ಯಾಲಿ ಎನ್ನುತ್ತಾರೆ. ‘ಸುತ್ತು ಹಾಕು’ ಎಂಬರ್ಥದ ಸ್ಪೇನಿನ ಮಾತು ಕೌಬಾಯಿಗಳ ಬಾಯಲ್ಲಿ ಸವೆದು ಹಾಗಾಯಿತು. ಮರಾಠಿ ಕನ್ನಡಗಳ ನಡುವೆ ಬಾಳುವ ನಮಗೆ ಇದೇನೂ ಹೊಸತಲ್ಲ. ಅಂದಹಾಗೆ, ಡ್ಯಾಲಿ ಸುತ್ತುವಾಗ ಹಗ್ಗಕ್ಕೂ ಕೊಂಬಿಗೂ ನಡುವೆ ಹೆಬ್ಬೆರಳನ್ನು ಕಳೆದುಕೊಂಡವರು ಅಲ್ಲಿ ಕಡಿಮೆಯಿಲ್ಲ. ನಮ್ಮ ಮುದುಕರ ಬಲಗೈಯಲ್ಲಿ ನಾಲ್ಕೇ ಬೆರಳು.

ಜೀನಿನ ಒಳಗೆ ಒಂದು ಅಸ್ಥಿಪಂಜರವಿದೆ. ಅವರು ಅದನ್ನು ಮರವೆಂದೇ ಕರೆಯುತ್ತಾರೆ. ಒಳ್ಳೆಯ ಜೀನಿನಲ್ಲಿ ಅದು ಕಟ್ಟಿಗೆಯದೇ. ಮೇಲೆ ಹಸಿ ತೊಗಲನ್ನು ಬಿಗಿದು ಹೊಲಿದು ಒಣಗಿಸಿರುತ್ತಾರೆ. ಅಗ್ಗದವುಗಳಲ್ಲಿ ನಾರುಗಾಜಿನದೂ ಉಂಟು. ಕುದುರೆಯ ಬೆನ್ನೆಲುಬಿನ ಎರಡು ಮಗ್ಗುಲಿಗೆ ಎರಡು ಉದ್ದನೆಯ ಹಲಗೆಗಳು, ಅವನ್ನು ಮುಂದೆ ಜೋಡಿಸುವ ಒಂದು ಕಮಾನು, ಕಮಾನಿನ ಮೇಲೆ ಕೊಂಬು, ಹಿಂದೆ ಸವಾರನ ಬೆನ್ನಿಗೆ ಆಸರೆಯಾಗುವ ಎತ್ತರದ ಅಂಚು. ಬೆನ್ನೆಲುಬನ್ನು ಮುಟ್ಟದೆ, ಭಾರವನ್ನೆಲ್ಲ ಎರಡು ಹಲಗೆಗಳು ಸಮನಾಗಿ ಹರಡಿ ಹೊರಬೇಕು. ಇದೇ ಇದರ ಇಡಿಯ ತಂತ್ರ. ಬೆನ್ನಿನ ಇಳಿಜಾರಿಗೂ ಹಲಗೆಯ ಓರೆಗೂ ಹೊಂದಿಕೆಯಾದರೆ ಇಡೀ ಹಗಲು ಸವಾರಿ ಮಾಡಿದರೂ ಕುದುರೆಗೆ ನೋವಿಲ್ಲ. ಹೊಂದದಿದ್ದರೆ ಅಂಗೈಯಗಲದ ಜಾಗದಲ್ಲಿ ಮನುಷ್ಯನ ಭಾರವೆಲ್ಲ ಬೀಳುತ್ತದೆ.

ಹನಿಗೆ ಆದದ್ದು ಇದೇ. ಅವಳ ಹೆಗಲು ಅಗಲ, ಜೀನಿನ ಕಮಾನು ಇಕ್ಕಟ್ಟು. ಅಂಗಡಿಗಳಲ್ಲಿ ಕಮಾನಿನ ಅಗಲವನ್ನು ಆರೂವರೆ ಅಂಗುಲ, ಏಳು ಅಂಗುಲ ಎಂದು ಹೇಳುತ್ತಾರೆ. ಅರೆ ಕ್ವಾರ್ಟರ್, ಪೂರ್ಣ ಕ್ವಾರ್ಟರ್ ಎಂದು ಹೆಸರುಗಳೂ ಇವೆ. ಆದರೆ ಇದಕ್ಕೆ ಎಲ್ಲರೂ ಒಪ್ಪಿದ ಒಂದೇ ಮಾನದಂಡವಿಲ್ಲ. ಒಬ್ಬ ತಯಾರಕನ ಏಳು ಇನ್ನೊಬ್ಬನ ಆರೂಮುಕ್ಕಾಲು. ಆದುದರಿಂದ ಚೀಟಿಯನ್ನು ನಂಬದೆ ಬೆನ್ನನ್ನು ನಂಬಬೇಕು. ನಾನೂ ಹುಡುಗಿಯೂ ಬಾಗುವಂಥ ದಪ್ಪ ತಂತಿಯೊಂದನ್ನು ತಂದು, ಕುದುರೆಯ ಹೆಗಲ ದಿಣ್ಣೆಯ ಹಿಂದೆ ಅಡ್ಡಲಾಗಿ ಒತ್ತಿ, ಆ ಬಾಗನ್ನು ರಟ್ಟಿನ ಮೇಲೆ ಬರೆದುಕೊಂಡೆವು. ಒಂದು ಗೇಣು ಹಿಂದೆ ಇನ್ನೊಂದು, ಆಚೆಗೆ ಮತ್ತೊಂದು. ರಟ್ಟನ್ನು ಕತ್ತರಿಸಿ ಹಳೆಯ ಜೀನಿನ ಹೊಟ್ಟೆಯಲ್ಲಿ ಇಟ್ಟು ನೋಡಿದಾಗ ಎರಡು ಕಡೆಯೂ ಮೂಲೆಗಳು ಮಡಚಿಕೊಂಡವು. ಭೂಮಿತಿಯ ಉಪಯೋಗವೇನೆಂದು ಕೇಳುವ ಮಕ್ಕಳಿಗೆ ಆ ರಟ್ಟನ್ನು ನಾನೀಗ ಶಾಲೆಯಲ್ಲಿ ತೋರಿಸುತ್ತಿದ್ದೇನೆ.

ಜೀನನ್ನು ಪರೀಕ್ಷಿಸುವಾಗ ಕೆಳಗೆ ಗಾದಿಯನ್ನು ಹಾಕಬಾರದು. ಬರಿಯ ಬೆನ್ನ ಮೇಲೆ, ಸ್ವಲ್ಪ ಮುಂದಕ್ಕೆ ಇಟ್ಟು, ಹಿಂದಕ್ಕೆ ಜಾರಿಸುತ್ತ ಬಂದರೆ ಒಂದೆಡೆ ಅದು ತಾನೇ ನೆಲೆನಿಲ್ಲುತ್ತದೆ. ಆ ನೆಲೆ ಹೆಗಲಿನ ಹಲಗೆ ಎಲುಬಿನ ಹಿಂದೆ ಇರಬೇಕು. ಅದರ ಮೇಲೆ ಕುಳಿತರೆ ಮುಂಗಾಲು ಬೀಸಿದಾಗಲೆಲ್ಲ ಎಲುಬು ಕಟ್ಟಿಗೆಗೆ ಬಡಿಯುತ್ತದೆ. ದಿಣ್ಣೆಗೂ ಕಮಾನಿಗೂ ನಡುವೆ ಎರಡು ಮೂರು ಬೆರಳಿನಷ್ಟು ತೆರಪಿರಲಿ. ಬಳಿಕ ಹಲಗೆಯ ಕೆಳಗೆ ಅಂಗೈಯನ್ನು ಮುಂದಿನಿಂದ ಹಿಂದಕ್ಕೆ ತೂರಿಸಬೇಕು. ಒತ್ತಡ ಉದ್ದಕ್ಕೂ ಒಂದೇ ಸಮನಾಗಿ ತಾಗಬೇಕು. ಮುಂದೆ ಹಿಂದೆ ಒತ್ತಿ ನಡುವೆ ಪೊಳ್ಳಾದರೆ ಅದು ಸೇತುವೆಯಂತೆ ನಿಂತಿದೆಯೆಂದರ್ಥ. ನಡುವೆ ಮಾತ್ರ ಒತ್ತಿದರೆ ತೊಟ್ಟಿಲಿನಂತೆ ತೂಗಾಡುತ್ತದೆ. ಎರಡೂ ತ್ಯಾಜ್ಯ. ಹಿಂದೆ ಕೊನೆಯ ಪಕ್ಕೆಲುಬನ್ನು ದಾಟಿ ಭಾರ ಬೀಳಬಾರದು, ಅಲ್ಲಿಂದಾಚೆಗೆ ಬೆನ್ನಿಗೆ ಆಸರೆಯಿಲ್ಲ.

ಇನ್ನೊಂದು ಸಾಕ್ಷಿ ಬೆವರು. ಅರ್ಧ ಗಂಟೆ ಸವಾರಿಯಾದ ಮೇಲೆ ಜೀನನ್ನು ಇಳಿಸಿ ನೋಡಿದರೆ, ನಡುವಿನ ಬೆನ್ನೆಲುಬಿನ ಸಾಲು ಒಣಗಿದ್ದು ಎರಡು ಮಗ್ಗುಲು ಸಮನಾಗಿ ತೊಯ್ದಿರಬೇಕು. ತೊಯ್ದ ಜಾಗದ ನಡುವೆ ಅಂಗೈಯಗಲದ ಒಣ ತೇಪೆ ಕಂಡರೆ ಸಂಶಯಪಡಬೇಕು. ಒಂದೋ ಅಲ್ಲಿ ಜೀನು ಮುಟ್ಟಿಯೇ ಇಲ್ಲ, ಇಲ್ಲವೆ ಬೆವರೂ ಬಾರದಷ್ಟು ಒತ್ತಿದೆ. ಹನಿಯ ಹೆಗಲ ಎರಡು ಬದಿಗೂ ಒಣ ತೇಪೆಗಳು ಇರುತ್ತಿದ್ದುದನ್ನು ಹುಡುಗಿ ತಿಂಗಳುಗಟ್ಟಲೆ ಕಂಡಿದ್ದಳು. ಅದು ಒಳ್ಳೆಯ ಲಕ್ಷಣವೆಂದು ತಿಳಿದಿದ್ದಳು, ಪಾಪ.

ಇಕ್ಕಟ್ಟಾದ ಜೀನಿನ ಕೆಳಗೆ ಇನ್ನೊಂದು ದಪ್ಪ ಗಾದಿಯನ್ನು ತೂರಿಸಿ ಸಮಾಧಾನಪಡುವವರು ಬಹಳ. ಕಾಲು ಕಚ್ಚುವ ಬೂಟಿನಲ್ಲಿ ಎರಡು ಜೊತೆ ಕಾಲುಚೀಲ ಹಾಕಿಕೊಂಡಂತೆ ಇದು. ಗಾದಿ ಮುಕ್ಕಾಲು ಅಂಗುಲದಿಂದ ಒಂದು ಅಂಗುಲ ದಪ್ಪದ ಅಚ್ಚ ಉಣ್ಣೆಯದಾಗಿದ್ದರೆ ಸಾಕು. ಜೀನು ಹಾಕಿದ ಮೇಲೆ ಅದನ್ನು ಕಮಾನಿನ ಪೊಳ್ಳಿನೊಳಕ್ಕೆ ಮೇಲೆತ್ತಿ ಬಿಡಬೇಕು. ದಿಣ್ಣೆಯ ಮೇಲೆ ಬಿಗಿಯಾಗಿ ಎಳೆದಂತಿದ್ದರೆ ಅದೂ ಉಜ್ಜುತ್ತದೆ.

ಸವಾರನ ಅಳತೆ ಇಷ್ಟು ಕಠಿಣವಲ್ಲ. ಕಮಾನಿನ ಬುಡದಿಂದ ಹಿಂದಿನ ಅಂಚಿನವರೆಗೆ ಅಂಗುಲಗಳಲ್ಲಿ ಎಣಿಸುತ್ತಾರೆ. ಮಕ್ಕಳಿಗೆ ಹನ್ನೆರಡು ಹದಿಮೂರು, ದೊಡ್ಡವರಿಗೆ ಹದಿನೈದು ಹದಿನಾರು. ಕುಳಿತಾಗ ತೊಡೆಗೂ ಕಮಾನಿಗೂ ನಡುವೆ ನಾಲ್ಕು ಬೆರಳು ಬಿಟ್ಟಿರಬೇಕು. ಕೆಲಸಕ್ಕೆ ತಕ್ಕಂತೆ ಜಾತಿಗಳಿವೆ: ಹಗ್ಗದ ಕೆಲಸಕ್ಕೆ ಭಾರವಾದ ಗಟ್ಟಿಮರದ್ದು, ಪೀಪಾಯಿಗಳ ಸುತ್ತ ಓಡುವ ಪಂದ್ಯಕ್ಕೆ ಹಗುರಾದದ್ದು, ಕಾಡುದಾರಿಯ ದೀರ್ಘ ಸವಾರಿಗೆ ಮೆತ್ತನೆಯ ಆಸನದ್ದು. ಹುಡುಗಿಯಂಥವರಿಗೆ ಕೊನೆಯದೇ ಸಾಕು.

ಹಳೆಯದನ್ನು ಕೊಳ್ಳುವುದರಲ್ಲಿ ತಪ್ಪಿಲ್ಲ. ಒಳ್ಳೆಯ ಕಮ್ಮಟಗಾರನು ಮಾಡಿದ ಹಳೆಯ ಜೀನು ಹೊಸ ಅಗ್ಗದ ಜೀನಿಗಿಂತ ಎಷ್ಟೋ ಮೇಲು. ಆದರೆ ಮೊದಲು ಅದನ್ನು ತಲೆಕೆಳಗು ಮಾಡಿ ಹೊಟ್ಟೆಯನ್ನು ನೋಡಬೇಕು. ಕೆಳಗಿನ ಕುರಿಯುಣ್ಣೆ ಒಂದೇ ಕಡೆ ಸವೆದಿದ್ದರೆ ಒಳಗೆ ಏನೋ ವಕ್ರವಿದೆ. ಕಮಾನನ್ನೂ ಹಿಂದಿನ ಅಂಚನ್ನೂ ಹಿಡಿದು ಒತ್ತಿದಾಗ ನಡುವೆ ಬಗ್ಗಿದರೆ ಮರ ಮುರಿದಿದೆ, ಬಿಟ್ಟಿ ಕೊಟ್ಟರೂ ಬೇಡ. ಬಾರುಗಳನ್ನು ಮಡಚಿ ನೋಡಿದಾಗ ಬಿರುಕು ಕಂಡರೆ ಬಾರು ಮಾತ್ರ ಬದಲಿಸಿದರಾಯಿತು. ನಮ್ಮ ಕಾನಪುರದಿಂದಲೂ ಜೀನುಗಳು ಹೊರದೇಶಗಳಿಗೆ ಹೋಗುತ್ತವೆ, ಆ ಊರಿನ ಜೀನಿಗೆ ಭೌಗೋಳಿಕ ಗುರುತಿನ ಮನ್ನಣೆಯೂ ಇದೆ. ಯಾವ ದೇಶದ್ದು ಎನ್ನುವುದಕ್ಕಿಂತ ಯಾವ ಬೆನ್ನಿಗೆ ಎನ್ನುವುದು ಮುಖ್ಯ.

ಭಾರದ ಮಾತನ್ನೂ ಹೇಳಬೇಕು. ಸವಾರ ಮತ್ತು ಜೀನು ಕೂಡಿ ಕುದುರೆಯ ತೂಕದ ಐದನೆಯ ಒಂದು ಪಾಲನ್ನು ಮೀರಬಾರದೆಂದು ಬಲ್ಲವರ ನಿಯಮ. ೨೦೦೮ರಲ್ಲಿ ಒಹಾಯೊ ರಾಜ್ಯದಲ್ಲಿ ಕುದುರೆಗಳ ಮೇಲೆ ಬೇರೆ ಬೇರೆ ಭಾರ ಹೇರಿ ನೋಡಿದಾಗ, ಶೇಕಡಾ ೨೫ ಮತ್ತು ೩೦ರ ಭಾರ ಹೊತ್ತಾಗ ಎದೆಬಡಿತವೂ ಸ್ನಾಯುಗಳ ನೋವೂ ಹೆಚ್ಚಿದುದು ಕಂಡಿತು. ೪೫೦ ಕಿಲೋ ಕುದುರೆಯೆಂದರೆ ೯೦ ಕಿಲೋ. ಈ ಜಾತಿಯ ಜೀನೇ ಹದಿನೈದು ಕಿಲೋದಷ್ಟು ತೂಗುವುದರಿಂದ ಸವಾರನಿಗೆ ಉಳಿದದ್ದು ಎಪ್ಪತ್ತೈದು. ಇದನ್ನು ಕೇಳಿದ ಮೇಲೆ ನಾನು ಒಮ್ಮೆಯಾದರೂ ಏರಿ ಕೂಡಬೇಕೆಂಬ ಆಸೆಯನ್ನು ಬಿಟ್ಟುಕೊಟ್ಟೆನು.

ಪಟ್ಟಿಗಳನ್ನು ಬಿಗಿಯುವುದರಲ್ಲಿ ಒಂದು ಕ್ರಮವಿದೆ, ಅದನ್ನು ಮರೆತರೆ ಪ್ರಾಣಕ್ಕೆ ಸಂಚಕಾರ. ಮುಂದಿನ ಹೊಟ್ಟೆಪಟ್ಟಿಯನ್ನು ಮೊದಲು ಕಟ್ಟಿ ಕೊನೆಗೆ ಬಿಚ್ಚಬೇಕು. ಹಿಂದಿನ ಪಟ್ಟಿಯನ್ನೂ ಎದೆಪಟ್ಟಿಯನ್ನೂ ಆಮೇಲೆ ಕಟ್ಟಿ ಮೊದಲು ಬಿಚ್ಚಬೇಕು. ಮುಂದಿನದು ಬಿಚ್ಚಿ ಹಿಂದಿನದು ಉಳಿದಿದ್ದಾಗ ಕುದುರೆ ಬೆದರಿದರೆ ಜೀನು ಹೊಟ್ಟೆಯಡಿಗೆ ಹೊರಳುತ್ತದೆ. ಅದನ್ನು ಒದೆಯುತ್ತ ಕುದುರೆ ಓಡುತ್ತದೆ. ಎರಡು ಪಟ್ಟಿಗಳನ್ನು ಹೊಟ್ಟೆಯ ಕೆಳಗೆ ಜೋಡಿಸುವ ಚಿಕ್ಕ ಬಾರು ತಪ್ಪದೆ ಇರಬೇಕು, ಇಲ್ಲವಾದರೆ ಹಿಂದಿನ ಪಟ್ಟಿ ತೊಡೆಸಂದಿಗೆ ಜಾರಿ ಕುದುರೆಯನ್ನು ಕುಣಿಸುತ್ತದೆ. ಒಮ್ಮೆಲೆ ಬಿಗಿಯಬಾರದು. ಸ್ವಲ್ಪ ಬಿಗಿದು, ನಾಲ್ಕು ಹೆಜ್ಜೆ ನಡೆಸಿ, ಮತ್ತೆ ಬಿಗಿದು, ಏರುವ ಮುನ್ನ ಇನ್ನೊಮ್ಮೆ ನೋಡಬೇಕು. ಬಿಗಿಯುವಾಗ ಕುದುರೆ ಮೈ ಉಬ್ಬಿಸಿ ನಿಲ್ಲುತ್ತದೆ, ನಡೆದಾಗ ಪಟ್ಟಿ ಸಡಿಲುತ್ತದೆ. ಏರಲು ಒಂದು ಕಟ್ಟೆಯನ್ನೋ ಮಣೆಯನ್ನೋ ಬಳಸುವುದು ಲಜ್ಜೆಯ ಮಾತಲ್ಲ. ನೆಲದಿಂದ ರಿಕಾಪಿಗೆ ಜೋತುಬಿದ್ದಾಗಲೆಲ್ಲ ಜೀನು ತಿರುಚಿ ಒಂದೇ ಹೆಗಲನ್ನು ಎಳೆಯುತ್ತದೆ.

ತೊಗಲಿನ ಆರೈಕೆಯ ವಿಷಯದಲ್ಲಿ ನನಗೆ ಬಾಲ್ಯದ ಅನುಭವವಿತ್ತು. ಬಾವಿಯ ಮೋಟಿನ ತೊಗಲಿಗೆ ನಮ್ಮ ತಂದೆ ಹೊಂಗೆಯೆಣ್ಣೆ ತಿಕ್ಕುತ್ತಿದ್ದರು. ಜೀನಿಗೂ ತತ್ತ್ವ ಅದೇ. ಮೊದಲು ಧೂಳು, ಆಮೇಲೆ ಒದ್ದೆ ಅರಿವೆ, ಜೀನಿನ ಸಾಬೂನನ್ನು ಹಚ್ಚಿ ನೊರೆಯನ್ನು ಪೂರ್ತಿ ಒರೆಸಬೇಕು. ಬೆವರಿನ ಉಪ್ಪು ತೊಗಲಿನ ಪರಮ ಶತ್ರು. ನೆರಳಿನಲ್ಲಿಯೇ ಒಣಗಿಸಬೇಕು, ಬಿಸಿಲಿಗಾಗಲಿ ಬೆಂಕಿಯ ಬಳಿಗಾಗಲಿ ಒಯ್ದರೆ ಹಪ್ಪಳವಾಗುತ್ತದೆ. ಇನ್ನೂ ತುಸು ತೇವವಿರುವಾಗ ತೆಳ್ಳಗೆ ಎಣ್ಣೆ ಸವರಬೇಕು. ಅವರು ಬಳಸುವುದು ದನದ ಕಾಲಿನಿಂದ ತೆಗೆದ ಎಣ್ಣೆ. ಅಕ್ಕನು ಆ ಡಬ್ಬಿಯನ್ನು ಮನೆಯೊಳಗೆ ಬರಗೊಡಲಿಲ್ಲ; ಅದು ವಾಹನದ ಶೆಡ್ಡಿನಲ್ಲಿಯೇ ವಾಸಿಸಿತು. ಎಣ್ಣೆ ಅತಿಯಾದರೆ ತೊಗಲು ಮೆತ್ತಗಾಗಿ ಜೋಲುತ್ತದೆ, ಹೊಲಿಗೆ ಕೊಳೆಯುತ್ತದೆ. ವರ್ಷಕ್ಕೆ ಎರಡು ಮೂರು ಸಲ ಸಾಕು.

ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟರೆ ಬೂಸು ಹಿಡಿಯುತ್ತದೆ. ಗಾಳಿಯಾಡುವ ಕಡೆ, ಕುದುರೆಯ ಬೆನ್ನಿನ ಆಕಾರದ ಚೌಕಟ್ಟಿನ ಮೇಲೆ, ಹತ್ತಿಯ ಬಟ್ಟೆ ಹೊದಿಸಿ ಇಡಬೇಕು. ಉಪ್ಪಿನ ರುಚಿಗೆ ಇಲಿಗಳು ತೊಗಲನ್ನು ಕಡಿಯುತ್ತವೆಂಬುದು ನೆನಪಿರಲಿ. ಹೊಸ ಜೀನಿನ ರಿಕಾಪುಗಳು ಕುದುರೆಯ ಮೈಗೆ ಅಂಟಿ ನಿಂತು ಸವಾರನ ಮೊಣಕಾಲನ್ನು ತಿರುಚುತ್ತವೆ. ಬಾರುಗಳನ್ನು ನೀರಿನಲ್ಲಿ ತೋಯಿಸಿ, ರಿಕಾಪುಗಳನ್ನು ಹೊರಮುಖವಾಗಿ ತಿರುಗಿಸಿ, ಎರಡರೊಳಗೂ ಒಂದು ಕಸಬರಿಗೆಯ ಕೋಲನ್ನು ತೂರಿಸಿ ಕೆಲವು ದಿನ ಬಿಟ್ಟರೆ ತಾವಾಗಿಯೇ ಸರಿಹೋಗುತ್ತವೆ. ಈ ಉಪಾಯವನ್ನು ಕಲಿಸಿದವರೂ ಆ ಮುದುಕರೇ.

ನಾನು ಊರಿಗೆ ಹೊರಡುವ ಮುನ್ನಾದಿನ ಹನಿಯ ಬೆನ್ನ ಮೇಲೆ ಬೇರೊಂದು ಜೀನು ಬಂತು. ರಟ್ಟಿನ ಅಚ್ಚನ್ನು ಕಂಕುಳಲ್ಲಿಟ್ಟುಕೊಂಡು ನಾಲ್ಕು ಅಂಗಡಿ ಸುತ್ತಿ, ಒಂದು ವಾರ ಇಟ್ಟು ನೋಡಿ ಹಿಂದಿರುಗಿಸಬಹುದೆಂಬ ಕರಾರಿನ ಮೇಲೆ ತಂದದ್ದು. ಕೆತ್ತನೆಯಿಲ್ಲ, ಗುಂಡಿಗಳಿಲ್ಲ, ಬಣ್ಣವೂ ಮಾಸಿದ್ದು. ಹುಡುಗಿ ಪಟ್ಟಿಯನ್ನು ಒಂದು ರಂಧ್ರ ಬಿಗಿದಳು. ಹನಿ ಕತ್ತು ತಿರುಗಿಸಿ ನೋಡಿತು. ನಾವೆಲ್ಲ ಉಸಿರು ಬಿಗಿಹಿಡಿದೆವು. ಅದು ಹುಡುಗಿಯ ತೋಳನ್ನು ಮೂಸಿ ಮತ್ತೆ ಮುಂದಕ್ಕೆ ತಿರುಗಿತು, ಅಷ್ಟೆ.

ಈಚೆಗೆ ಅಳಿಯನು ಕಳಿಸಿದ ಚಿತ್ರಗಳಲ್ಲಿ ಕುದುರೆಯ ಕಂದು ಮೈಯಲ್ಲಿ, ಬಾವುಗಳಿದ್ದ ಎರಡು ತಾವುಗಳಲ್ಲಿಯೂ ಬಿಳಿಯ ಕೂದಲು ಬಂದಿದೆ. ಒತ್ತಡದಿಂದ ಕೂದಲಿನ ಬೇರು ಘಾಸಿಗೊಂಡರೆ ಹಾಗಾಗುವುದು. ಇನ್ನು ಅದು ಹೋಗುವಂಥದಲ್ಲ. ಹೂಬಳ್ಳಿಯ ಹಳೆಯ ಜೀನನ್ನು ಮಾರಿದರಂತೆ. ಕೊಂಬಿಗೆ ಹುಡುಗಿ ಒಂದು ಚೀಟಿಯನ್ನು ಕಟ್ಟಿದ್ದಳು, ಅದರ ಚಿತ್ರವನ್ನೂ ಕಳಿಸಿದ್ದಾಳೆ. ಕಮಾನಿನ ಅಗಲ ಇಷ್ಟು ಅಂಗುಲವೆಂದು ಬರೆದು, ಕೆಳಗೆ ದೊಡ್ಡ ಅಕ್ಷರಗಳಲ್ಲಿ, ಬೆನ್ನು ಇಕ್ಕಟ್ಟಾದ ಕುದುರೆಗೆ ಮಾತ್ರ ಎಂದು ಸೇರಿಸಿದ್ದಾಳೆ. ಜೊತೆಗೆ ಕತ್ತರಿಸಿದ ರಟ್ಟು.